ಬೇಲಿಯ ಕಣ್ಣು ಮುಚ್ಚಿದ ಕಾಡುಕೋಳಿ

ಹೊಳೆ ಬಳಸಿಕೊಂಡು ಹರಿಯುವ ಒಂದು ಕಾಡಿನಲ್ಲಿ ಚುಕ್ಕಿ ಎಂಬ ಕಾಡುಕೋಳಿ ಇತ್ತು. ಅದರ ಮನೆ ತಗ್ಗಿನಲ್ಲಿತ್ತು. ತಗ್ಗು ಎಂದರೆ, ಹೊಳೆ ಉಕ್ಕಿದಾಗ ಮೊದಲು ನೀರು ನುಗ್ಗುವ ಜಾಗ. ಆದ್ದರಿಂದ ಚುಕ್ಕಿ ಮಣ್ಣು ಕೆದರಿ ಒಂದು ದಿಬ್ಬ ಮಾಡಿ, ಅದರ ಮೇಲೆ ಗೂಡು ಕಟ್ಟಿತ್ತು. ಗೂಡಿನಲ್ಲಿ ಐದು ಮೊಟ್ಟೆಗಳಿದ್ದವು. ಮರಿಗಳು ಹೊರಬರಲು ಎರಡೇ ದಿನ ಉಳಿದಿತ್ತು. ಮೊಟ್ಟೆಗಳನ್ನು ಬೇರೆ ಕಡೆ ಸಾಗಿಸುವಂತಿರಲಿಲ್ಲ, ಏಕೆಂದರೆ ಕೋಳಿಗೆ ಎತ್ತಿಕೊಳ್ಳಲು ಕೈಗಳಿಲ್ಲ.

ಆ ಮೊಟ್ಟೆಗಳ ಮೇಲೆ ಜೋಲುಬಾಲ ಎಂಬ ನರಿಯ ಕಣ್ಣು ಬಿದ್ದಿತ್ತು. ಇದು ಚುಕ್ಕಿಗೂ ಗೊತ್ತಿತ್ತು.

ಹೊಳೆಯಲ್ಲಿ ಮುಳುಗವ್ವ ಎಂಬ ನೀರುನಾಯಿ ಇತ್ತು. ಹಿಂದಿನ ವರ್ಷದ ನೆರೆಯಲ್ಲಿ ಊರಿನ ಕಡೆಯಿಂದ ತಂತಿ ಜಾಲರಿಯ ಒಂದು ಸುರುಳಿ ತೇಲಿಬಂದಿತ್ತು. ಮುಳುಗವ್ವ ಅದನ್ನು ಎಳೆದು ತಂದು, ಗೂಡಿನ ಸುತ್ತ ಬೇಲಿ ಹಾಕತೊಡಗಿತು.

"ಗೋಡೆ ಕಟ್ಟಿದರೆ ಗಟ್ಟಿಯಲ್ಲವೇನೇ?" ಎಂದು ಚುಕ್ಕಿ ಕೇಳಿತು.

"ಗೋಡೆಯನ್ನು ನೀರು ತಳ್ಳಿ ಕೆಡವುತ್ತೆ ಕಣೇ. ಈ ಜಾಲರಿಯಲ್ಲಿ ಕಣ್ಣುಗಳಿವೆ ನೋಡು. ನೀರು ದಾಟುತ್ತೆ, ನರಿ ದಾಟಲ್ಲ. ಆದರೆ ಗೂಟದ ಗುಂಡಿ ಮಾತ್ರ ನನ್ನ ಹೊಟ್ಟೆ ಮುಳುಗುವಷ್ಟು ಆಳ ಇರಬೇಕು. ಒದ್ದೆ ಮಣ್ಣು ಗೂಟವನ್ನು ಬೇಗ ಬಿಟ್ಟುಕೊಡುತ್ತೆ."

ಮೂರು ಬದಿ ಮುಗಿಯಿತು. ನೀರು ಹರಿದುಹೋಗುವ ಕೆಳಗಿನ ಬದಿ ಉಳಿದಾಗ ಮುಳುಗವ್ವನ ಉಗುರು ಕಿತ್ತುಬಂತು. "ನಾಳೆ ತೋಡೋಣ" ಎಂದು ಅದು ಹೊಳೆಗೆ ಇಳಿಯಿತು.

ಇದನ್ನೇ ಕಾಯುತ್ತಿದ್ದ ಜೋಲುಬಾಲ ದೂರದಲ್ಲಿ ನಿಂತು ಕೈಮುಗಿಯಿತು. "ಅಕ್ಕಾ, ಹೆದರಬೇಡ. ಬೇಲಿ ಯಾರಿಗೆ ಹೆದರಿ ಹಾಕ್ತಿದ್ದೀಯ?"

"ನಿನಗೇ!" ಎಂದಿತು ಚುಕ್ಕಿ, ರೆಕ್ಕೆ ಕೆದರಿ.

"ಮತ್ತೆ? ನಾನೇ ಗುಂಡಿ ತೋಡಿ ನಾನೇ ಹೊರಗೆ ನಿಂತರೆ, ಆಮೇಲೆ ನಿನಗೆ ಯಾರ ಭಯ ಹೇಳು?"

ಹೊಳೆಯಲ್ಲಿ ಮುಳುಗವ್ವನ ತಲೆ ಕಾಣುತ್ತಿದ್ದುದರಿಂದ ನರಿ ಈಗ ಏನೂ ಮಾಡಲಾರದು ಎಂದು ಚುಕ್ಕಿ ಧೈರ್ಯ ತಂದುಕೊಂಡು ಒಪ್ಪಿತು. ನರಿ ಗುಂಡಿ ತೋಡಿತು, ಗೂಟ ನೆಟ್ಟು ಜಾಲರಿ ಕಟ್ಟಿತು. ಗುಂಡಿಯ ಆಳ ಬರೀ ನಾಲ್ಕು ಬೆರಳು. ಹೊಳೆ ಏರುವ ದಿನ ಮುಳುಗವ್ವ ತನ್ನ ಮರಿಗಳನ್ನು ಬಿಲದಿಂದ ಮೇಲಕ್ಕೆ ಸಾಗಿಸಬೇಕು. ಆಗ ಕಾವಲಿಗೆ ಯಾರೂ ಇರುವುದಿಲ್ಲ. ಬೇಲಿಯನ್ನು ಒಮ್ಮೆ ಜಗ್ಗಿದರೆ ಸಾಕು. ಇದು ನರಿಯ ಲೆಕ್ಕಾಚಾರ.

ಹೊರಡುವಾಗ ಅದು ನಾಲಿಗೆ ಲೊಚಗುಟ್ಟಿತು. "ಅಲ್ಲಕ್ಕಾ, ಗೂಡು ಹೀಗೆ ಬಟಾಬಯಲಾಗಿದೆಯಲ್ಲ! ನಿಮ್ಮ ಅಮ್ಮ, ಅಜ್ಜಿ ಹೀಗೆ ಇಡ್ತಿದ್ರಾ?"

ಈ ಮಾತು ಚುಕ್ಕಿಯ ಎದೆಗೆ ನಾಟಿತು. ಕಾಡುಕೋಳಿಗಳು ಗೂಡನ್ನು ಯಾವಾಗಲೂ ಎಲೆಯಿಂದ ಮರೆಮಾಡುತ್ತವೆ. ಮರೆಯಿಲ್ಲದ ಗೂಡು ಅವುಗಳಿಗೆ ನಾಚಿಕೆ. ಆದ್ದರಿಂದ ಚುಕ್ಕಿ ಸಂಜೆಯವರೆಗೂ ತೇಗದ ಎಲೆ ತಂದು, ಜಾಲರಿಯ ಒಂದೊಂದು ಕಣ್ಣಿಗೂ ತುರುಕಿತು. ನಾಲ್ಕು ಬದಿಯೂ ಮುಚ್ಚಿಹೋಯಿತು. ನರಿಯ ಮೇಲುಮೇಲಿನ ಗುಂಡಿಗಳೂ ಎಲೆಯ ಹಿಂದೆ ಅಡಗಿದವು.

ಮರುದಿನ ಬೆಳಿಗ್ಗೆ ಹೊಳೆ ಕೆಂಪಾಗಿ ಉಕ್ಕಿತು.

ನೀರು ತಾನು ಹರಿದುಬರುವ ಮೇಲಿನ ಬದಿಯ ಬೇಲಿಗೆ ಬಂದು ನಿಂತಿತು. ಒಳಗೆ ನೆಲ ಒಣಗಿಯೇ ಇತ್ತು. ಚುಕ್ಕಿಗೆ ಮೊದಲು ಸಂತೋಷವಾಯಿತು. ಆಮೇಲೆ ತಂತಿ ಕಿರುಗುಟ್ಟಿತು. ಎಲೆಗಳು ನೆನೆದು ಉಬ್ಬಿದ್ದವು. ಹೊರಗಿನ ನೀರು ಗೂಡಿಗಿಂತ ಎತ್ತರಕ್ಕೆ ಏರಿತ್ತು. ಬೇಲಿ ಹೊಟ್ಟೆಯ ಹಾಗೆ ಒಳಕ್ಕೆ ಬಾಗಿತು.

ಅದೇ ಹೊತ್ತಿಗೆ ಕೆಳಗಿನ ಬದಿಯ ಗೂಟ ಅಲುಗಾಡಿತು. ಅಲ್ಲಿ ಜೋಲುಬಾಲ ಮುಂಗಾಲೂರಿ ಬೇಲಿಯನ್ನು ತನ್ನತ್ತ ಜಗ್ಗುತ್ತಿತ್ತು.

ಮುಳುಗವ್ವ ಬಾಯಲ್ಲಿ ಮರಿ ಕಚ್ಚಿಕೊಂಡು ಈಜುತ್ತಿತ್ತು. ಬೇಲಿಯನ್ನು ಕಂಡಿತು. ಕೂಗಬೇಕೆಂದರೆ ಬಾಯಿ ತುಂಬ ಮರಿ! ಅದನ್ನು ಕೊಂಬೆಯ ಮೇಲಿಟ್ಟು ಕಿರುಚಿತು. "ಚುಕ್ಕೀ! ಮೇಲಿನ ಬದಿಯ ಎಲೆ ಕಿತ್ತುಹಾಕೇ!"

"ಕಿತ್ತರೆ ನೀರು ಒಳಗೆ ಬರುತ್ತಲ್ಲೇ! ನನ್ನ ಮೊಟ್ಟೆ!"

"ಮೆಲ್ಲಗೆ ಬಂದ ನೀರು ದಿಬ್ಬವನ್ನು ಬಳಸಿ ಹೋಗುತ್ತೆ. ಒಟ್ಟಿಗೆ ನುಗ್ಗಿದರೆ ದಿಬ್ಬವನ್ನೇ ಹೊತ್ತೊಯ್ಯುತ್ತೆ! ಕೀಳು!"

"ಕೀಳಬೇಡಕ್ಕಾ!" ಜೋಲುಬಾಲ ಕೆಳಗಿನ ಬದಿಯಿಂದ ರಾಗ ಎಳೆಯಿತು. "ಕಾಡೆಲ್ಲ ನೋಡುತ್ತೆ! ಮೊಟ್ಟೆ ತಣ್ಣಗಾಗುತ್ತೆ, ಕೂತಿರು!"

ಚುಕ್ಕಿ ಮೊಟ್ಟೆಗಳತ್ತ ನೋಡಿತು. ಎದ್ದರೆ ಮೊಟ್ಟೆ ತಣ್ಣಗಾಗುವುದು ನಿಜ. ಏಳದಿದ್ದರೆ ಮೊಟ್ಟೆಯೇ ಇರುವುದಿಲ್ಲ. ಅದು ಎದ್ದಿತು. ಕೊಕ್ಕಿನಿಂದ ಒಂದು ಎಲೆ ಕಿತ್ತಿತು. ಆ ಕಣ್ಣಿನಿಂದ ನೀರು ಹಾವಿನಂತೆ ಸುಯ್ಯೆಂದು ಚಿಮ್ಮಿ ಮುಖಕ್ಕೆ ಬಡಿಯಿತು. ಇನ್ನೊಂದು ಕಿತ್ತಿತು. ಮತ್ತೊಂದು. ಕೊಕ್ಕಿನಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ.

ಬಾಗಿದ್ದ ಬೇಲಿ ಮೆಲ್ಲಗೆ ನೆಟ್ಟಗಾಯಿತು. ಆಳದ ಗೂಟಗಳು ಕದಲಲಿಲ್ಲ.

ಆದರೆ ಒಳಗೆ ಬಂದ ನೀರು ದಿಬ್ಬವನ್ನು ಬಳಸಿ ಕೆಳಗಿನ ಬದಿಯಲ್ಲಿ ತುಂಬಿಕೊಂಡಿತು, ಏಕೆಂದರೆ ಅಲ್ಲಿ ಎಲೆಗಳು ಹಾಗೆಯೇ ಇದ್ದವು. ಗೂಡಿಗೆ ಇನ್ನು ಒಂದು ಬೆರಳು. ಅರ್ಧ ಬೆರಳು. ಚುಕ್ಕಿ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕಣ್ಣು ಮುಚ್ಚಿತು.

ಫಟ್! ನಾಲ್ಕು ಬೆರಳಿನ ಗುಂಡಿಗಳಿಂದ ಗೂಟಗಳು ಹಲ್ಲು ಕಿತ್ತಂತೆ ಕಿತ್ತುಬಂದವು. ಬೇಲಿ ಹೊರಕ್ಕೆ, ಜಗ್ಗುತ್ತಿದ್ದ ಜೋಲುಬಾಲನ ಮೇಲೆಯೇ ಬಿತ್ತು. ನೀರು ಹೊರಗೆ ಓಡಿಹೋಯಿತು. ಗೂಡು ಉಳಿಯಿತು. ನರಿಯ ನಾಲ್ಕೂ ಕಾಲು ಜಾಲರಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡವು. ನೀರು ಗಂಟಲಿಗೆ ಬಂತು.

"ಮುಳುಗವ್ವಾ, ಎತ್ತೇ ತಾಯಿ! ಸಾಯ್ತೀನಿ!"

ಮುಳುಗವ್ವ ಈಜಿ ಬಂದಿತು. "ಗುಂಡಿ ಎಷ್ಟು ಆಳ ತೋಡಿದ್ದೆ?"

"ಒಂದು... ಒಂದು ಮೊಳ!"

"ಎಷ್ಟು?"

"ನಾಲ್ಕು ಬೆರಳು! ನಾಲ್ಕೇ ಬೆರಳು ಕಣೇ!"

ಮುಳುಗವ್ವ ಜಾಲರಿ ಎತ್ತಿತು. ಜೋಲುಬಾಲ ಬಾಲದ ತುದಿಯನ್ನು ತಂತಿಯಲ್ಲೇ ಬಿಟ್ಟು ಕುಂಟುತ್ತಾ ಓಡಿತು. ಆ ತಗ್ಗಿಗೆ ಅದು ಮತ್ತೆ ಬರಲಿಲ್ಲ.

ನೀರು ಇಳಿಯಿತು. ಮೊಟ್ಟೆಗಳು ತಣ್ಣಗಾಗಿದ್ದವು. ಚುಕ್ಕಿ ಅವುಗಳ ಮೇಲೆ ಕೂತು, ಏನನ್ನೂ ತಿನ್ನದೆ ಕಾದಿತು. ಮುಳುಗವ್ವನೂ ಪಕ್ಕದಲ್ಲೇ ಕೂತಿತು. ಬಹಳ ಹೊತ್ತಿನ ಮೇಲೆ ಚುಕ್ಕಿಯ ಹೊಟ್ಟೆಯ ಕೆಳಗೆ, ಚಿಪ್ಪಿನ ಒಳಗಿನಿಂದ, ಯಾರೋ ಟಿಕ್ ಎಂದು ತಟ್ಟಿದರು.

ನೀತಿ: ಯಾರಿಗೆ ಹೆದರಿ ಬೇಲಿ ಹಾಕುತ್ತೇವೆಯೋ ಅವರಿಂದಲೇ ಗುಂಡಿ ತೋಡಿಸಬಾರದು, ನೀರು ಬರುವ ಜಾಗದಲ್ಲಿ ನೀರಿಗೆ ದಾರಿ ಬಿಡಬೇಕು. ಮೋಸಕ್ಕಾಗಿ ಮಾಡಿದ ಅರೆಕೆಲಸ, ಮಾಡಿದವನ ಮೇಲೆಯೇ ಬೀಳುತ್ತದೆ.