ಉಣ್ಣದ ಬೆಕ್ಕಿನ ಮೂರು ಒಗಟು

"ಕೇಳಿರಪ್ಪೋ ಕೇಳಿ! ತೀರಿಹೋದ ರಾಣಿಯಮ್ಮನವರ ಬೆಕ್ಕು ಕೆಂಚಿ ಸರಿಯಾಗಿ ಉಣ್ಣುತ್ತಿಲ್ಲ. ರಾಜಕುಮಾರಿ ಪದುಮಲದೇವಿಯವರು ಮೂರು ಒಗಟು ಹಾಕಿದ್ದಾರೆ. ಬಿಡಿಸಿ ಬೆಕ್ಕನ್ನು ಉಣಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ. ಬೆಕ್ಕಿಗೆ ವಿಷವಿಟ್ಟ ಊಳಿಗದ ಗಿರಿಜೆಗೆ ಅಮಾವಾಸ್ಯೆಗೆ ಗಲ್ಲು!"

ಕಡಲಕೋಟೆಯಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದ ಮಂಕಾಳ ಡಂಗುರದ ಕೊನೆಯ ಮಾತು ಕೇಳಿ ಉಪ್ಪಿನ ಬುಟ್ಟಿ ಕೆಳಗಿಟ್ಟು ಎದ್ದ. ಗಿರಿಜೆ ಅವನ ಅಕ್ಕ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಒಗಟು ಬಿಡಿಸುವ ಜಾಣನೇನೂ ಅಲ್ಲ ಅವನು. ಆದರೆ ಹುಟ್ಟಿದಾಗಿನಿಂದ ದಕ್ಕೆಯ ಬೆಕ್ಕುಗಳ ನಡುವೆ ಬೆಳೆದವನು. ಮೂರು ಸಲ ಕೈ ತೊಳೆದ. ಮೀನಿನ ವಾಸನೆ ಹೋಗಲಿಲ್ಲ. ಹಾಗೇ ಅರಮನೆಗೆ ಹೋಗಿ, ಗಿರಿಜೆಯ ತಮ್ಮನೆಂದು ಹೇಳಿಕೊಂಡು ಒಳಗೆ ನಡೆದ.

ತೀರಿಹೋದ ರಾಣಿಯ ಕೋಣೆಯಲ್ಲಿ ಅರಸನ ಎದುರು ಆಗಲೇ ಇಬ್ಬರು ನಿಂತಿದ್ದರು. ರಾಜಕುಮಾರಿ ಕೇಳಿದಳು: "ಹಸಿದು ಬಟ್ಟಲಿನ ತನಕ ಹೋಗುತ್ತಾಳೆ, ಹಸಿದೇ ಹಿಂದಿರುಗುತ್ತಾಳೆ. ದಾರಿಯಲ್ಲಿ ತಡೆಯುವವರು ಯಾರು?"

"ಕೆಟ್ಟ ದೃಷ್ಟಿ! ಚಿನ್ನದ ಭಸ್ಮ ತಿನ್ನಿಸಬೇಕು" ಎಂದರು ಆಸ್ಥಾನದ ಪಂಡಿತರು. ತಿನ್ನಿಸಿದರು. ಕೆಂಚಿ ಉಗುಳಿತು, ಭಟರು ಪಂಡಿತರನ್ನು ಎಳೆದೊಯ್ದರು. "ಬೆಕ್ಕಿನ ಹೊಟ್ಟೆಯಲ್ಲಿ ಪಿಶಾಚಿಯಿದೆ" ಎಂದ ಮಂತ್ರವಾದಿ ಬೇವಿನ ಸೊಪ್ಪು ಬೀಸಿದ. ಕೆಂಚಿ ಮಂಚದಡಿ ಸೇರಿತು, ಅವನೂ ಸೆರೆ ಸೇರಿದ. ಉತ್ತರ ತಮಗೇ ಗೊತ್ತಿಲ್ಲದವರು ಒಗಟು ಹಾಕಿದರೆ ಆಗುವುದು ಹೀಗೇ.

ಮಂಕಾಳನ ಸರದಿ ಬಂತು. ಅವನು ನೆಲದ ಮೇಲೆ ಬೋರಲು ಮಲಗಿ ಮಂಚದಡಿ ನೋಡುತ್ತ ಉಳಿದ. ಬಹಳ ಹೊತ್ತಿನ ಮೇಲೆ ಕೆಂಚಿ ಹೊರಬಂದು ಬಟ್ಟಲಿಗೆ ಬಾಯಿ ಹಾಕಿತು. ತಲೆ ಓರೆ ಮಾಡಿ ಒಂದು ತುತ್ತು ಅಗಿಯಿತು, ಬೀಳಿಸಿತು, ಮುಂಗಾಲಿನಿಂದ ಕೆನ್ನೆ ಕೆರೆದುಕೊಂಡಿತು. ಅವನು ಮೆಲ್ಲಗೆ ಅದರ ತುಟಿ ಎತ್ತಿ ನೋಡಿದ.

"ತಡೆಯೋರು ಯಾರೂ ಇಲ್ಲ, ಒಡತಿ. ಹಲ್ಲು ನೋವು. ಬಲಗಡೆ ಒಂದು ಹಲ್ಲು ಅಲ್ಲಾಡ್ತಿದೆ, ವಸಡು ಕೆಂಪಾಗಿದೆ. ವಯಸ್ಸಾದ ಬೆಕ್ಕಿಗೆ ಇದು ಆಗ್ತದೆ."

ರಾಜಕುಮಾರಿ ಎರಡನೆಯದನ್ನು ಕೇಳಿದಳು: "ದಿನಕ್ಕೆ ಹತ್ತು ಸಲ ಮೈ ತೊಳೆದುಕೊಳ್ಳುತ್ತಿದ್ದವಳು ಈಗ ಕೊಳಕಾಗಿ ಕೂತಿದ್ದಾಳೆ. ಅವಳ ನೀರು ಕದ್ದವರು ಯಾರು?"

"ಕದ್ದಿಲ್ಲ. ನೋಡಿ, ಜೊಲ್ಲಾಗಿ ಹೊರಗೇ ಸುರೀತಿದೆ. ನೋಯುವ ಬಾಯಲ್ಲಿ ಮೈ ನೆಕ್ಕೋದು ಹೇಗೆ? ಹಲ್ಲು ಕೀಳೋದು ನನ್ನ ಕೆಲಸ ಅಲ್ಲ. ಲಾಯದ ವೈದ್ಯರನ್ನ ಕರೆಸಿ."

ಲಾಯದ ಮುದುಕ ವೈದ್ಯ ಬಂದು ಕೆಂಚಿಯನ್ನು ಪಂಚೆಯಲ್ಲಿ ಸುತ್ತಿ ಹಲ್ಲು ಕಿತ್ತ. ಅದರ ಬೇರಿನಲ್ಲಿ ಕೀವಿತ್ತು. ರಾಜಕುಮಾರಿ ಮುಖ ತಿರುಗಿಸಿಕೊಂಡೇ ಮೂರನೆಯದನ್ನು ಕೇಳಿದಳು: "ದಿನವೂ ಅವಳ ಗದ್ದಕ್ಕೆ ಮುತ್ತಿಟ್ಟು ಹುಣ್ಣು ಮಾಡುವ ಹಗೆ ಯಾರು?"

ಮಂಕಾಳ ಬೆಕ್ಕಿನ ಮುಖ ಎತ್ತಿ ನೋಡಿದ. ಕೆಂಚಿಯ ಗದ್ದ ಊದಿತ್ತು, ಕೂದಲ ಬುಡದಲ್ಲಿ ಕಪ್ಪು ಕಾಳುಗಳಿದ್ದವು. ಉತ್ತರ ಕಣ್ಣೆದುರಿಗೇ ಇತ್ತು. ಅದನ್ನು ಹೇಳಿ ಬದುಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

"ಸುಮ್ಮನಿದ್ದರೆ ಇವತ್ತೇ ನಿನ್ನ ಅಕ್ಕನಿಗೆ ಗಲ್ಲು" ಎಂದಳು ರಾಜಕುಮಾರಿ.

"ಆ ಬಟ್ಟಲು, ಒಡತಿ. ಎಷ್ಟು ದಿನದಿಂದ ತೊಳೆದಿಲ್ಲ?"

ರಾಣಿ ಸಾಯುವ ದಿನ ತನ್ನ ಬೆರಳಿನಿಂದ ಮೀನನ್ನು ಕಲಸಿಟ್ಟಿದ್ದ ಬಳಪದ ಕಲ್ಲಿನ ಬಟ್ಟಲು ಅದು. ಅಮ್ಮನ ಕೈಗುರುತು ಅಳಿಸಿಹೋಗುತ್ತದೆಂದು ಅದನ್ನು ತೊಳೆಯಕೂಡದೆಂದು ಅಪ್ಪಣೆ ಮಾಡಿದವಳು ರಾಜಕುಮಾರಿಯೇ; ಅದು ಮಂಕಾಳನಿಗೆ ಅಕ್ಕನಿಂದ ತಿಳಿದಿತ್ತು. ನಾಲ್ಕು ತಿಂಗಳಿಂದ ಜಿಡ್ಡಿನ ಮೇಲೆ ಜಿಡ್ಡು ಕೂತಿತ್ತು.

"ಆ ಜಿಡ್ಡೇ ಗದ್ದಕ್ಕೆ ಹತ್ತಿ ಹುಣ್ಣಾಗಿದೆ. ಹಗೆ ಅಂದ್ರೆ... ನಿಮ್ಮ ಅಪ್ಪಣೆ."

ಅರಸನ ಕೈ ಕತ್ತಿಗೆ ಹೋಯಿತು. ರಾಜಕುಮಾರಿ ಬಟ್ಟಲನ್ನು ಎತ್ತಿ ಮೂಸಿದಳು. ಅಮ್ಮನ ವಾಸನೆ ಅದರಲ್ಲಿ ಎಲ್ಲೂ ಇರಲಿಲ್ಲ. ಅವಳು ಗಿರಿಜೆಯನ್ನು ಕರೆಸಿ ಕೇಳಿದಳು: "ನೀನಾದರೂ ಏಕೆ ಹೇಳಲಿಲ್ಲ?"

"ಹೇಳಿದ್ದೆ, ಒಡತಿ. ಕೆನ್ನೆಗೆ ಹೊಡೆದಿರಿ."

ರಾಜಕುಮಾರಿ ಬಾವಿಕಟ್ಟೆಗೆ ಹೋಗಿ, ಅಳುತ್ತಳುತ್ತಲೇ ಬೂದಿ ಹಾಕಿ ಆ ಬಟ್ಟಲನ್ನು ತಾನೇ ತಿಕ್ಕಿದಳು.

ಮಂಕಾಳ ಹೇಳಿದ ಮದ್ದಿಗೆ ಕಾಸು ಖರ್ಚಿಲ್ಲ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಅದರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ದಿನಕ್ಕೆರಡು ಸಲ ಗದ್ದಕ್ಕೆ ಒತ್ತಬೇಕು. ಮುಳ್ಳು ತೆಗೆದು ಮೆತ್ತಗೆ ಹಿಸುಕಿದ ಬೇಯಿಸಿದ ಮೀನನ್ನು ಅಗಲವಾದ ತಟ್ಟೆಯಲ್ಲಿಟ್ಟು ಉಣಿಸಬೇಕು. ತಟ್ಟೆಯನ್ನು ದಿನವೂ ತೊಳೆಯಬೇಕು. ಮೂರನೆಯ ದಿನ ಕೆಂಚಿ ತಟ್ಟೆ ನೆಕ್ಕಿತು.

"ಏನು ಬೇಕು ಕೇಳು" ಎಂದ ಅರಸ.

"ಅಕ್ಕನನ್ನ ಬಿಡಿ. ಸೆರೆಯಲ್ಲಿರೋ ಆ ಇಬ್ಬರನ್ನೂ ಬಿಡಿ."

ಬಿಟ್ಟರು. ಜೊತೆಗೆ ದಕ್ಕೆಯಲ್ಲಿ ಒಂದು ಮನೆ, ಒಂದು ದೋಣಿ ಕೊಟ್ಟರು. ಅರಮನೆಗೆ ಮರಳಿ ಬಾ ಎಂದು ಗಿರಿಜೆಗೆ ಎರಡು ಸಲ ಕರೆ ಬಂತು. ಅವಳು ಹೋಗಲಿಲ್ಲ.

ಈಗ ತಿಂಗಳಿಗೊಮ್ಮೆ ರಾಜಕುಮಾರಿಯ ಪಲ್ಲಕ್ಕಿಯೇ ದಕ್ಕೆಗೆ ಬರುತ್ತದಂತೆ. ಮಡಿಲಲ್ಲಿ ಕೆಂಚಿಯನ್ನಿಟ್ಟುಕೊಂಡು ಅವಳು ಇಳಿಯುತ್ತಾಳೆ. ಗಿರಿಜೆ ಕೈ ತೊಳೆದು ಬಂದು ಬೆಕ್ಕಿನ ತುಟಿ ಎತ್ತಿ ವಸಡು ನೋಡುತ್ತಾಳೆ, ಗದ್ದ ಸವರಿ ನೋಡುತ್ತಾಳೆ. ರಾಜಕುಮಾರಿಯ ಮುಖವನ್ನು ಮಾತ್ರ ಇನ್ನೂ ನೋಡಿಲ್ಲ.