ಬೊಗಸೆ ನೀರು

ಬನವಾಸಿಯ ದಾರಿಯಲ್ಲಿ ಬಿಸಿಲುಗುದುರೆ ಕುಣಿಯುವ ಹೊತ್ತು. ಹೊಸದಾಗಿ ಬುದ್ಧನಿಗೆ ಶರಣಾಗಿದ್ದ ಮಾಚಿಸೆಟ್ಟಿ ಅರವಟ್ಟಿಗೆಯ ಮುಂದೆ ನಿಂತು ಗುಡುಗಿದ: “ಇದನ್ನು ಕಟ್ಟಿಸಿದವನು ನಾನು. ಇನ್ನು ನಮ್ಮ ಭಿಕ್ಷುಗಳಿಗೆ ಮಾತ್ರ ನೀರು. ಬೇರೆಯವರಿಗೆ ಹೊಯ್ದರೆ ನಿನಗಿಲ್ಲಿ ಜಾಗವಿಲ್ಲ!”

ನೀರು ಹೊಯ್ಯುವ ನಾಗಿಯಬ್ಬೆ ತಲೆಯಾಡಿಸಿದಳು. “ಆಗಲಿ ಸೆಟ್ಟರೇ. ಬಾಯಾರಿದ್ದೀರಿ, ಬೊಗಸೆ ಒಡ್ಡಿ. ಯಾರಿಗೆ ಕೊಡಬಾರದು, ತೋರಿಸಿಬಿಡಿ.”

ಅವಳು ಹೊಯ್ದಳು. “ಅಗೋ, ಆ ಜಟಾಧಾರಿಗೆ!” ಎಂದು ಸೆಟ್ಟಿ ಬೆರಳೆತ್ತಿದ. ನೀರೆಲ್ಲ ನೆಲಕ್ಕೆ. ಮತ್ತೆ ಹೊಯ್ದಳು. “ಈ ದಿಗಂಬರನಿಗೂ!” ಮತ್ತೆ ನೆಲಕ್ಕೆ.

“ಬೆರಳು ತೋರಿಸೋ ಕೈಯಲ್ಲಿ ನೀರು ನಿಲ್ಲೋದಿಲ್ಲ, ಸೆಟ್ಟರೇ.”

ಈ ಸಲ ಸೆಟ್ಟಿ ಎರಡೂ ಕೈ ಬಿಗಿಯಾಗಿ ಜೋಡಿಸಿ, ಕಣ್ಣು ಮುಚ್ಚಿ ಕುಡಿದ. ನೀರು ಕನಸಿನಂತೆ ತಂಪಾಗಿ ಇಳಿಯಿತು. ಕಣ್ಣು ತೆರೆದಾಗ ಕೈ ಇನ್ನೂ ಜೋಡಿಸಿಯೇ ಇತ್ತು. ನಮಸ್ಕಾರವೆಂದುಕೊಂಡು ಜಟಾಧಾರಿಯೂ ಕೈಮುಗಿದ. ನೀರಿನ ಸಾಲಿನಲ್ಲಿ ಆ ಜಟಾಧಾರಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತಿದ್ದ ಭಿಕ್ಷು, ಸೆಟ್ಟಿಯ ಗುರು, “ಸಾಧು, ಸಾಧು!” ಎಂದ.

ಸೆಟ್ಟಿ ಇನ್ನು ಕೈ ಬಿಡಿಸುವುದಾದರೂ ಹೇಗೆ?