ಖರ್ಚು ಕಡಿತ ಸಮಿತಿಯ ಬೋಂಡ

ಸರ್ಕಾರದ ಖರ್ಚು ಇಳಿಸುವುದು, ತೆರಿಗೆ ಸರಿಪಡಿಸುವುದು ಹೇಗೆಂದು ಹೇಳಲು ಒಂದು ಸಮಿತಿ ಇತ್ತು. ಮೂರು ವರ್ಷದಿಂದ ಕೂತಿತ್ತು, ಎದ್ದಿರಲಿಲ್ಲ. ಆ ಕಟ್ಟಡದ ಕ್ಯಾಂಟೀನು ನನ್ನದು. ಬಜೆಟ್ ಸುದ್ದಿ ಪೂರ್ತಿ ಓದದೆ ಆ ಪೇಪರಿನಲ್ಲಿ ಬೋಂಡ ಕಟ್ಟಿದವಳಲ್ಲ ನಾನು. ಅರ್ಥಶಾಸ್ತ್ರ ನನಗೂ ಬರುತ್ತದೆಂಬ ಜಂಬ.

ಒಂದು ದಿನ ಅಧ್ಯಕ್ಷರು ಕರೆಸಿದರು.

"ನೋಡಮ್ಮ, ಕಡಿತ ಈ ಕಟ್ಟಡದಿಂದಲೇ ಶುರುವಾಗಬೇಕು. ವರದಿಯ ಮೊದಲ ಸಲಹೆಯೇ ನಿನ್ನ ಕ್ಯಾಂಟೀನು ಮುಚ್ಚುವುದು."

ನನ್ನ ಅನ್ನವೇ ಅದು. ಆದರೂ ಬೇಡಿಕೊಳ್ಳುವ ಜಾಯಮಾನ ನನ್ನದಲ್ಲ.

"ವರದಿ ತನಕ ಯಾಕೆ ಸಾರ್, ಇವತ್ತೇ ಮುಚ್ತೀನಿ," ಅಂದೆ.

ಆ ಸಭೆಗೊಂದು ಪದ್ಧತಿಯಿತ್ತು. ವಾದ ಬಿಸಿಯಾದಾಗ ಬೋಂಡ ಬರಬೇಕು. ತಿಂದ ಮೇಲೆ ಎಲ್ಲರೂ "ಮುಂದಿನ ಸಭೆಯಲ್ಲಿ ನೋಡೋಣ" ಎಂದು ಏಳಬೇಕು. ಅವತ್ತು ನಾನು ಬಾಗಿಲು ಮುಚ್ಚಿದೆ, ಒಲೆ ಆರಿಸಲಿಲ್ಲ. ಕಿಟಕಿಯಿಂದ ವಾಸನೆ ಮಾತ್ರ ಸಭೆಗೆ ಹೋಯಿತು.

ಸದಸ್ಯರೊಬ್ಬರು ಬಂದು ಬಾಗಿಲು ತಟ್ಟಿದರು. "ಒಂದು ಪ್ಲೇಟು ಕೊಡಮ್ಮ."

"ಮುಚ್ಚಿದೆ ಸಾರ್. ವರದಿಯಲ್ಲಿ ನನ್ನ ಕ್ಯಾಂಟೀನು ಮುಚ್ಚೋ ಸಾಲು ಹೊಡೆದುಹಾಕಿ, ಸಹಿ ಹಾಕಿ ಬನ್ನಿ. ತೆಗೀತೀನಿ."

ಸಂಜೆಯೊಳಗೆ ಯಾವ ತೆರಿಗೆ ಏರಬೇಕು, ಯಾವ ಖರ್ಚು ನಿಲ್ಲಬೇಕು, ಎಲ್ಲ ತೀರ್ಮಾನವಾಯಿತು. ಅಧ್ಯಕ್ಷರೇ ಸಹಿ ಹಾಕಿದ ವರದಿ ಹಿಡಿದು ಬಂದರು.

"ನಿನ್ನ ಸಾಲು ಹೋಯ್ತು. ಚಟ್ನಿ ಇದೆಯಾ?"

ರಾಜ್ಯವನ್ನೇ ಉಳಿಸಿದೆನೆಂದು ಬೀಗಿದೆ. ಮರುದಿನ ಬಾಣಲೆ ತುಂಬ ಬೋಂಡ ಕರಿದು ಕಾದೆ. ಯಾರೂ ಬರಲಿಲ್ಲ. ವರದಿ ಕೊಟ್ಟ ಸಮಿತಿ ಮತ್ತೇಕೆ ಬರುತ್ತದೆ? ಇದ್ದಬದ್ದ ಗಿರಾಕಿಗಳನ್ನು ಅರ್ಥಶಾಸ್ತ್ರ ಬಲ್ಲ ನಾನೇ ಕಡಿತ ಮಾಡಿದ್ದೆ.

ವಾರ ಕಳೆದು ಪೇಪರಿನಲ್ಲಿ ಓದಿದೆ: ಆ ವರದಿಯನ್ನು ಪರಿಶೀಲಿಸಲು ಹೊಸ ಸಮಿತಿ, ಅದೇ ಕಟ್ಟಡದಲ್ಲಿ.

ರಾಜ್ಯದ ಗತಿ ನೆನೆದು ಬಹಳ ಬೇಸರವಾಯಿತು. ಬೇಸರದಲ್ಲೇ ಕಡಲೆಹಿಟ್ಟು ಕಲಸಿದೆ.